‘ಮದ್ದು ಅಭ್ಯಾಸ ಆಗಿದೆ’ ಅಂದರೆ ಏನು?

ನಮ್ಮ ಕಡೆ, ಅಂದರೆ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಸುತ್ತಮುತ್ತ, ಕೀಟನಾಶಕ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ‘ಮದ್ದು’ ಅಷ್ಟೇ. ಗೇರಿಗೆ ಮದ್ದು ಬಿಡುವುದು, ಅಲಸಂಡೆಗೆ ಮದ್ದು ಬಿಡುವುದು. ಜ್ವರ ಬಂದರೆ ಡಾಕ್ಟರು ಕೊಡುವುದೂ ಮದ್ದೇ.

ಹೋದ ವರ್ಷ ನಮ್ಮ ಅಲಸಂಡೆ ಬಳ್ಳಿಗೆ ಹೇನು ಬಿದ್ದಿತ್ತು. ಮದ್ದು ಬಿಡಲು ಬಂದವರಿಗೆ ಈ ಕೆಲಸದಲ್ಲಿ 20 ವರ್ಷದ ಅನುಭವ. ಬಾಟ್ಲಿಯ ಮುಚ್ಚಳದಲ್ಲಿ ಅಳೆದು ಬಕೆಟಿಗೆ ಸುರಿದರು. ಕೋಲು ಹುಡುಕಲಿಲ್ಲ, ಮೊಣಕೈವರೆಗೆ ಕೈ ಹಾಕಿಯೇ ಕದಡಿದರು. ಮೂಗಿಗೆ ಬೈರಾಸು ಸುತ್ತಿಕೊಂಡಿದ್ದರು, ಅದೂ ಅರ್ಧ ಜಾರಿತ್ತು. ನಾನು ಗಾಬರಿಯಾದದ್ದು ನೋಡಿ ನಕ್ಕರು. “ಸುರುವಿಗೆ ತಲೆ ತಿರುಗುತ್ತಿತ್ತು ಅಣ್ಣ, ವಾಂತಿಯೂ ಬರುತ್ತಿತ್ತು. ಈಗ ಎಂತದೂ ಆಗುದಿಲ್ಲ. ಅಭ್ಯಾಸ ಆಗಿದೆ” ಅಂದರು.

ಅವರು ಸುಳ್ಳು ಹೇಳಲಿಲ್ಲ. ಪದೇ ಪದೇ ವಿಷ ತಾಗಿದ ಮೈ ನಿಜವಾಗಿಯೂ ಬದಲಾಗುತ್ತದೆ. ಆ ಬದಲಾವಣೆಯನ್ನು ನಾವು ಶಕ್ತಿ ಅಂದುಕೊಂಡಿದ್ದೇವಲ್ಲ, ಅದೇ ನನ್ನ ಚಿಂತೆ.

1958ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಡೈಸಲ್ಫೋಟಾನ್ ಎಂಬ ಕೀಟನಾಶಕವನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಇದು ಆರ್ಗನೋಫಾಸ್ಫೇಟ್ ಗುಂಪಿನದು. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಎಲ್ಲ ಅದರ ದಾಯಾದಿಗಳೇ. ದಿನಾ ಸ್ವಲ್ಪ ಸ್ವಲ್ಪ ಕೊಟ್ಟಾಗ ಮೊದಲು ಇಲಿಗಳಿಗೆ ನಡುಕ ಬಂತು, ಬಾಯಲ್ಲಿ ಜೊಲ್ಲು ಸುರಿಯಿತು. ಮದ್ದು ಕೊಡುವುದು ನಿಲ್ಲಿಸಲಿಲ್ಲ. ಆದರೂ ಕೆಲವು ದಿನಗಳಲ್ಲಿ ನಡುಕ ತಾನಾಗಿಯೇ ಹೋಯಿತು. ನೋಡಿದರೆ ಆರೋಗ್ಯವಾಗಿಯೇ ಇದ್ದವು. ಆದರೆ ಒಳಗಿನ ಲೆಕ್ಕ ಬೇರೆಯೇ ಇತ್ತು.

ನರದಿಂದ ನರಕ್ಕೆ, ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಒಂದು ರಾಸಾಯನಿಕ ಇದೆ, ಅಸಿಟೈಲ್‌ಕೋಲಿನ್. ಕೆಲಸ ಮುಗಿದ ಕೂಡಲೇ ಅದನ್ನು ಗುಡಿಸಿ ಹಾಕುವ ಕಿಣ್ವದ ಹೆಸರು ಕೋಲಿನೆಸ್ಟರೇಸ್. ಈ ಗುಂಪಿನ ಮದ್ದು ಆ ಗುಡಿಸುವವನ ಕೈಯನ್ನೇ ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲುವುದೇ ಇಲ್ಲ. ಅದಕ್ಕೇ ನಡುಕ, ಜೊಲ್ಲು, ವಾಂತಿ. ಇಲಿಗಳ ನಡುಕ ನಿಂತ ಮೇಲೂ ಅವುಗಳ ಕೋಲಿನೆಸ್ಟರೇಸ್ ಕೆಳಗೇ ಇತ್ತು. ಕಾರಣ ಆಮೇಲಿನ ವರ್ಷಗಳಲ್ಲಿ ತಿಳಿಯಿತು. ಸುದ್ದಿ ಕೇಳಿಸಿಕೊಳ್ಳುವ ಗ್ರಾಹಕಗಳನ್ನೇ ನರಕೋಶಗಳು ಕಡಿಮೆ ಮಾಡಿಕೊಂಡಿದ್ದವು. ಚೆಂಡೆ ಬಡಿತ ನಿಂತಿಲ್ಲ, ಕಿವಿಗೆ ಹತ್ತಿ ಇಟ್ಟದ್ದು ಅಷ್ಟೇ. ಹೀಗೆ ‘ಅಭ್ಯಾಸ’ ಆದವನಿಗೆ ತಲೆ ತಿರುಗುವುದಿಲ್ಲ, ಹಾಗಾಗಿ ಕೆಲಸ ನಿಲ್ಲಿಸುವುದೂ ಇಲ್ಲ. ಕಿಣ್ವ ಮೊದಲೇ ತಳ ಹಿಡಿದಿರುತ್ತದೆ. ಒಂದು ದಿನ ಮದ್ದು ಸ್ವಲ್ಪ ಜಾಸ್ತಿ ತಾಗಿದರೆ ಸಾಕು.

ಎರಡನೇ ಬದಲಾವಣೆ ಲಿವರಿನದು. ಇದು ಕಣ್ಣಿಗೆ ಬಿದ್ದದ್ದು ಅಕಸ್ಮಾತ್ತಾಗಿ. ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಇಲಿಗಳಿಗೆ ನಿದ್ದೆಯ ಮದ್ದು ಕೊಟ್ಟರೆ ಅವು ಬೇಗ ಎದ್ದುಬಿಡುತ್ತಿದ್ದವು. ಹುಡುಕಿದರೆ, ಇಲಿಗಳನ್ನು ಇಟ್ಟ ಕೋಣೆಗೆ ಹುಳ ಕೊಲ್ಲಲು ಕ್ಲೋರ್ಡೇನ್ ಹೊಡೆದಿದ್ದರು. ಆ ವಿಷಕ್ಕೆ ಲಿವರ್ ತನ್ನ ಕಿಣ್ವಗಳನ್ನು ಹೆಚ್ಚಿಸಿಕೊಂಡಿತ್ತು, ನಿದ್ದೆಯ ಮದ್ದನ್ನೂ ಅದೇ ಕಿಣ್ವಗಳು ಬೇಗ ಬೇಗ ಕರಗಿಸುತ್ತಿದ್ದವು. 1963ರಲ್ಲಿ ಇದು ಪ್ರಕಟವಾಯಿತು. 1969ರಲ್ಲಿ ಸ್ವೀಡನ್ನಿನವರು ಡಿಡಿಟಿ, ಲಿಂಡೇನ್ ಎಂಬ ಕೀಟನಾಶಕಗಳ ಜೊತೆ ಕೆಲಸ ಮಾಡುವ ಮನುಷ್ಯರಲ್ಲೂ ಇದನ್ನೇ ಕಂಡರು. ಅವರ ರಕ್ತದಿಂದ ಔಷಧಿ ಬೇರೆಯವರಿಗಿಂತ ಬೇಗ ಖಾಲಿಯಾಗುತ್ತಿತ್ತು.

ಒಳ್ಳೆಯದೇ ಅಲ್ವಾ, ವಿಷವೂ ಬೇಗ ಖಾಲಿಯಾಗುತ್ತದಲ್ಲ ಅನ್ನಿಸಬಹುದು. ಯಾವಾಗಲೂ ಹಾಗಲ್ಲ. ಕೆಲವು ವಿಷಗಳು ಲಿವರಿನಲ್ಲಿ ಮುರಿದ ಮೇಲೆಯೇ ಹರಿತವಾಗುತ್ತವೆ. ಕ್ಲೋರ್‌ಪೈರಿಫಾಸ್ ಹಾಗೆಯೇ. ನಮ್ಮೂರಿನವರ ಬದುಕನ್ನೇ ಬದಲಿಸಿದ ಎಂಡೋಸಲ್ಫಾನ್ ಮೈಯೊಳಗೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಇದರ ವಿಷ ಮೂಲದಷ್ಟೇ ಇದೆ, ಬಾಳಿಕೆ ಮಾತ್ರ ಅದಕ್ಕಿಂತ ಜಾಸ್ತಿ.

1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು. ಎಣ್ಮಕಜೆ ಪಂಚಾಯತಿನ ಪಡ್ರೆಯ ನೆಲ ನೋಡಿದವರಿಗೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ಗುಡ್ಡದ ಮೇಲೆ ಗೇರು. ಗುಡ್ಡದ ಹೊಟ್ಟೆಯಲ್ಲಿ ನೀರಿಗಾಗಿ ಕೊರೆದ ಸುರಂಗ. ಸುರಂಗದ ನೀರು ಅಡಿಕೆ ದಂಬೆಯಲ್ಲಿ ಇಳಿದು ಮನೆಯಂಗಳಕ್ಕೆ. ಅದರ ಕೆಳಗೆ ತೋಡು. ಮೇಲೆ ಬಿದ್ದದ್ದೆಲ್ಲ ಇಳಿದು ಬರುವ ದಾರಿಯಲ್ಲೇ ನಾವು ಇರುವುದು.

ಮೊದಲು ಸುದ್ದಿಯಾದದ್ದು ಕೈಕಾಲು ಸೊಟ್ಟಗಾದ ಕರುಗಳು. ಪಡ್ರೆಯವರೇ ಆದ ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆದರು. ವಾಣೀನಗರದ ಡಾ. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಜಾಸ್ತಿ ಇರುವುದನ್ನು ಗಮನಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಿ ಎಂದು ಕೋರ್ಟಿಗೆ ಹೋದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಹುಡುಗರನ್ನು ಮದ್ದು ಬೀಳದ ಜಾಗದ 90 ಹುಡುಗರ ಜೊತೆ ಹೋಲಿಸಿದರು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ ಸಿಕ್ಕಿತು. ಅವರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಈ ವರದಿ 2003ರಲ್ಲಿ ಪ್ರಕಟವಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಇದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂಬ ಆದೇಶಕ್ಕೆ 2017 ಬರಬೇಕಾಯಿತು.

ಆ ವರ್ಷಗಳಲ್ಲಿ ಬಹಳ ಸಲ ಕೇಳಿದ ಒಂದು ವಾದ ಇದೆ: ಇಷ್ಟು ವರ್ಷ ಅಲ್ಲೇ ಇದ್ದವರಿಗೆ ಏನೂ ಆಗಿಲ್ಲ, ಮೈ ಒಗ್ಗಿಹೋಗಿದೆ. ಈ ವಾದ ಕೇಳಿದಾಗಲೆಲ್ಲ ನನಗೆ 1992ರ ಒಂದು ಪ್ರಯೋಗ ನೆನಪಾಗುತ್ತದೆ. ಎಂಡೋಸಲ್ಫಾನ್ ಕೆಲಸ ಮಾಡುವುದು ಆರ್ಗನೋಫಾಸ್ಫೇಟಿನ ಹಾಗಲ್ಲ. ಮಿದುಳನ್ನು ಶಾಂತವಾಗಿಡುವ ‘ಗಾಬಾ’ ಎಂಬ ವ್ಯವಸ್ಥೆಯನ್ನು ಅದು ತಡೆಯುತ್ತದೆ. ಬ್ರೇಕ್ ಕಿತ್ತ ಹಾಗೆ. ಅಮೆರಿಕದ ವಿಜ್ಞಾನಿ ಮೇರಿ ಗಿಲ್ಬರ್ಟ್ ಇಲಿಗಳಿಗೆ ಫಿಟ್ಸ್ ಬರದಷ್ಟು ಸಣ್ಣ ಪ್ರಮಾಣವನ್ನು ಮತ್ತೆ ಮತ್ತೆ ಕೊಟ್ಟರು. ಇಲಿಗಳು ಒಗ್ಗಿಕೊಳ್ಳಲಿಲ್ಲ. ಮೊದಲು ಏನೂ ಮಾಡದಿದ್ದ ಅದೇ ಪ್ರಮಾಣಕ್ಕೆ ಕೊನೆಗೆ ಫಿಟ್ಸ್ ಬರತೊಡಗಿತು. ಇಲಿಯಲ್ಲಿ ಕಂಡದ್ದನ್ನು ಸೀದಾ ಪಡ್ರೆಯ ಮಗುವಿಗೆ ಹಚ್ಚಲು ಬರುವುದಿಲ್ಲ, ನಿಜ. ಆದರೆ ಲಿವರ್ ಪಳಗುವ ಹೊತ್ತಿನಲ್ಲೇ ಮಿದುಳು ಇನ್ನಷ್ಟು ಸೂಕ್ಷ್ಮವಾಗಬಹುದು ಅನ್ನುವುದನ್ನು ಇದು ತೋರಿಸಿತು.

ಮತ್ತೆ ಹುಳಗಳಿಗೆ ಹೇಗೆ ಒಗ್ಗುತ್ತದೆ? ಹುಳ ಒಗ್ಗಿಕೊಳ್ಳುವುದಿಲ್ಲ, ಸಾಯುತ್ತದೆ. ಲಕ್ಷದಲ್ಲಿ ಯಾವುದೋ ಒಂದರ ಜೀನ್ ಸ್ವಲ್ಪ ಬೇರೆ ಇರುತ್ತದೆ, ಅದು ಉಳಿಯುತ್ತದೆ, ಅದರ ಸಂತಾನ ತೋಟ ತುಂಬುತ್ತದೆ. ಎಂಡೋಸಲ್ಫಾನ್ ಗುಂಪಿನ ವಿಷ ತಡೆಯುವ ಅಂಥ ಒಂದು ಬದಲಾವಣೆಯನ್ನು ಹಣ್ಣಿನ ನೊಣದಲ್ಲಿ 1993ರಲ್ಲಿ ಗುರುತಿಸಿದರು. ಗಾಬಾ ಗ್ರಾಹಕದ ಒಂದೇ ಒಂದು ಕೊಂಡಿ ಬೇರೆ, ಅಷ್ಟೇ. ನೊಣಕ್ಕೆ ತಲೆಮಾರು ಅಂದರೆ ಎರಡು ವಾರ. ನಮಗೆ 25 ವರ್ಷ. ಹುಳದ ದಾರಿಯಲ್ಲಿ ನಾವು ಒಗ್ಗಬೇಕಾದರೆ ನಮ್ಮಲ್ಲಿ ಎಷ್ಟು ಮಂದಿ ಸಾಯಬೇಕು, ಎಷ್ಟು ಮಕ್ಕಳು ಸಾಯಬೇಕು, ಯೋಚಿಸಿ.

ಮಕ್ಕಳ ಮಾತು ಸುಮ್ನೆ ಎತ್ತಿದ್ದಲ್ಲ. ಆರ್ಗನೋಫಾಸ್ಫೇಟನ್ನು ಮುರಿಯುವ ಪ್ಯಾರಾಕ್ಸೊನೇಸ್ ಎಂಬ ಕಿಣ್ವ ಆಗ ತಾನೇ ಹುಟ್ಟಿದ ಶಿಶುವಿನಲ್ಲಿ ದೊಡ್ಡವರಿಗಿಂತ ತುಂಬಾ ಕಡಿಮೆ. ಅದು ತುಂಬಿಕೊಳ್ಳಲು ವರ್ಷಗಳು ಬೇಕು. ಅಪ್ಪನಿಗೆ ‘ಅಭ್ಯಾಸ’ ಆದ ಮದ್ದು ಅವನ ಅಂಗಿಯಲ್ಲಿ, ಬೈರಾಸಿನಲ್ಲಿ ಮನೆಗೆ ಬರುತ್ತದೆ. ತೊಟ್ಟಿಲಿನಲ್ಲಿರುವ ಮಗುವಿಗೆ ಯಾವ ಅಭ್ಯಾಸವೂ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಿಂದಲೇ ಒಂದು ನಿಯಮ ಇದೆ. ಆರ್ಗನೋಫಾಸ್ಫೇಟ್ ಗುಂಪಿನ ಮದ್ದು ಬಿಡುವ ಕೆಲಸಗಾರರ ಕೋಲಿನೆಸ್ಟರೇಸ್ ಅಳೆಯಬೇಕು. ಮೊದಲ ಅಳತೆಯನ್ನು ಮದ್ದು ಮುಟ್ಟದೆ 30 ದಿನ ಕಳೆದ ಮೇಲೆ ತೆಗೆಯಬೇಕು. ಯಾಕೆಂದರೆ ಇದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ, ಅವರವರ ಅಳತೆಗೆ ಅವರೇ ಮಾಪು. ಕೆಂಪು ರಕ್ತಕಣದಲ್ಲಿ ಅದು ಮೊದಲ ಅಳತೆಯ ಶೇ. 70ಕ್ಕೆ ಇಳಿದರೆ ಆ ಕೆಲಸದಿಂದ ಬಿಡಿಸಬೇಕು. ತಲೆ ತಿರುಗುತ್ತದೋ ಇಲ್ಲವೋ ಎಂದು ಕೇಳುವ ಪ್ರಶ್ನೆಯೇ ಇಲ್ಲ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ, ಹಾಗಾಗಿ ಕಿಣ್ವ ಮತ್ತೆ ತುಂಬಲು ತಿಂಗಳುಗಳು ಹಿಡಿಯುತ್ತವೆ.

ನಮ್ಮ ಅಲಸಂಡೆಗೆ ಮದ್ದು ಬಿಟ್ಟವರನ್ನು ಕೇಳಿದೆ, ಯಾವತ್ತಾದರೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ ಅಂತ. “ಸಕ್ಕರೆದ್ದು ಮಾಡಿಸ್ತೇನೆ, ಮೂರು ತಿಂಗಳಿಗೊಮ್ಮೆ” ಅಂದರು. ಮುಂದಿನ ಸಲ ಹೋಗುವಾಗ ಇದನ್ನೂ ಕೇಳಿ ಎಂದು ಒಂದು ಚೀಟಿಯಲ್ಲಿ ‘ಕೋಲಿನೆಸ್ಟರೇಸ್’ ಎಂದು ಬರೆದು ಕೊಟ್ಟೆ. ಮಳೆಗಾಲ ಮುಗಿಯುವುದರೊಳಗೆ, ಹೊಸ ನಟ್ಟಿಗೆ ಮದ್ದು ಬಿಡಲು ಶುರು ಮಾಡುವ ಮೊದಲೇ ಹೋಗಿ ಎಂದೂ ಹೇಳಿದೆ. ಅವರು ಕೈ ತೊಳೆದು ಬಂದು ಚೀಟಿ ತೆಗೆದುಕೊಂಡರು. ಎರಡು ಸಲ ಜೋರಾಗಿ ಓದಿ, ಮಡಚಿ ಅಂಗಿಯ ಕಿಸೆಗೆ ಹಾಕಿದರು.