ಎಡಕ್ಕೆ ಹೂಡಿದ ಎತ್ತು, ಬಲಕ್ಕೆ ಬಿದ್ದ ಕಚ್ಚು

ಬಾಗಲಕೋಟೆ ಸೀಮೆಯ ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಅದರ ಎದುರಿಗೆ ನಿಲ್ಲುತ್ತಾರೆ. ಎರಡೂ ಕೋಡು ಒಂದೇ ಬಾಗಿನಲ್ಲಿ ಎದ್ದಿವೆಯೇ, ಹೆಗಲು ಸಮವೇ ಎಂದು ಕಣ್ಣಳತೆಯಲ್ಲೇ ತೂಗುತ್ತಾರೆ. ಆಮೇಲೆ ಒಂದು ಪ್ರಶ್ನೆ: ಇದನ್ನು ಎಡಕ್ಕೆ ಹೂಡಿದ್ದೋ, ಬಲಕ್ಕೋ? ಮೈ ಎರಡೂ ಕಡೆ ಒಂದೇ. ರೂಢಿ ಮಾತ್ರ ಒಂದೇ ಕಡೆಯದು.

ಮೈಯ ಈ ಎಡಬಲದ ಹೊಂದಿಕೆಗೆ ದ್ವಿಪಾರ್ಶ್ವ ಸಮಮಿತಿ ಎಂದು ಹೆಸರು. ಅದರ ಹುಟ್ಟನ್ನು ನಮ್ಮ ಕಾಲಡಿಯ ಕಲ್ಲಿನಲ್ಲಿ ಹುಡುಕಿ ಫಲವಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ವಿವರಿಸಿದ ಕಲಾದಗಿ ಶಿಲೆಗಳು ಪ್ರಾಣಿಗಳಿಗಿಂತ ಹಳೆಯವು. ಅಲ್ಲಿನ ಸುಣ್ಣಕಲ್ಲಿನಲ್ಲಿ ಹೆಚ್ಚಿದ ಈರುಳ್ಳಿಯಂತೆ ಪದರಪದರವಾಗಿ ಕಾಣುವುದು ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್. ಅದಕ್ಕೆ ಮೇಲುಕೆಳಗು ಉಂಟು, ಎಡಬಲ ಇಲ್ಲ.

ಒಂದೇ ದಿಕ್ಕಿಗೆ ತೆವಳುವ ಜೀವಿಗೆ ಮುಂದು, ಹಿಂದು ಬೇಕು; ನೆಲಕ್ಕೆ ಹೊಟ್ಟೆ, ಮೇಲಕ್ಕೆ ಬೆನ್ನು. ಇವಿಷ್ಟು ಗೊತ್ತಾದ ಮೇಲೆ ಎಡಬಲ ತಾನಾಗಿ ಬರುತ್ತವೆ. ರಷ್ಯಾದ ಬಿಳಿ ಸಮುದ್ರದ ದಡದಲ್ಲಿ ಸಿಕ್ಕ ಸುಮಾರು 55 ಕೋಟಿ ವರ್ಷ ಹಳೆಯ ಕಿಂಬರೆಲ್ಲಾ ಎಂಬ ಪ್ರಾಣಿಯ ಪಳೆಯುಳಿಕೆಯಲ್ಲಿ ಅದು ಕಾಣುತ್ತದೆ. ಈಗ ಅಳಿದುಹೋಗಿರುವ, ಗಟ್ಟಿ ಚಿಪ್ಪಿನ ಕಡಲಜೀವಿ ಟ್ರೈಲೊಬೈಟ್ ಬಂದದ್ದು ಅದರ ನಂತರ, ಸುಮಾರು 52 ಕೋಟಿ ವರ್ಷಗಳ ಹಿಂದೆ. ನಡುವೆ ಉಬ್ಬಿದ ದಿಂಡು, ಅದರ ಅತ್ತಿತ್ತ ಒಂದೊಂದು ಹಾಳೆ: ಉದ್ದಕ್ಕೆ ಮೂರು ಪಾಲು. 1771ರಲ್ಲಿ ಜರ್ಮನಿಯ ವಾಲ್ಕ್ ಕೊಟ್ಟ ಹೆಸರಿನ ಅರ್ಥವೂ ಅದೇ. ಅದಕ್ಕೂ ಮೊದಲು, 1698ರಲ್ಲಿ, ವೇಲ್ಸಿನ ಎಡ್ವರ್ಡ್ ಲ್ವಿಡ್ ಇದನ್ನು ಚಪ್ಪಟೆ ಮೀನೆಂದು ಬಗೆದಿದ್ದರು. ಸಮಮಿತಿಗೆ ಇದಕ್ಕಿಂತ ಕೆಟ್ಟ ಹೋಲಿಕೆ ಸಿಗಲಾರದು: ಚಪ್ಪಟೆ ಮೀನು ಬೆಳೆಯುತ್ತಾ ಅದರ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬಂದು ಕೂರುತ್ತದೆ!

1989ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಮತ್ತು ರಾಬಿಸನ್ ಟ್ರೈಲೊಬೈಟ್‌ಗಳ ಮಾಗಿದ ಗಾಯಗಳನ್ನು ಎಣಿಸಿದರು. ಅಂಚು ಕಚ್ಚಿಸಿಕೊಂಡು, ಮತ್ತೆ ಪೊರೆ ಕಳಚಿ ಬದುಕಿದವು. ಗಾಯ ಹೆಚ್ಚಾಗಿದ್ದದ್ದು ಬಲಗಡೆ, ಅದರಲ್ಲೂ ಹಿಂಬದಿಗೆ. ಬೇಟೆಗಾರ ಪ್ರಾಣಿಗೆ ಒಂದು ಕಡೆಯ ಚಾಳಿ ಇತ್ತು ಎಂಬುದು ಒಂದು ವಿವರಣೆ. ನನಗೆ ಇನ್ನೊಂದು ಅನುಮಾನವೂ ಇದೆ. ಇದು ಉಳಿದುಕೊಂಡವುಗಳ ಲೆಕ್ಕ. ಎಡಗಡೆ ಕಚ್ಚಿಸಿಕೊಂಡವು ಮಾಗಲು ಉಳಿಯದೆ ಹೋಗಿರಬಹುದು. ಹೊರಗೆ ಸಮವಾದ ಮೈಯೊಳಗೆ ಎಲ್ಲವೂ ಸಮ ಇರಬೇಕೆಂದೇನಿಲ್ಲ.

ಸಂತೆಯ ಎತ್ತಿನದೂ ಹಾಗೆಯೇ. ಕೋಡು ಎಷ್ಟೇ ಸಮವಾಗಿರಲಿ, ಮೇವು ತುಂಬಿಕೊಳ್ಳುವ ದೊಡ್ಡ ಹೊಟ್ಟೆ ಇರುವುದು ಎಡಕ್ಕೆ. ಹಸಿ ಮೇವು ಹೆಚ್ಚು ತಿಂದು ಹೊಟ್ಟೆ ಉಬ್ಬರಿಸಿದರೆ, ದನ ಸಾಕಿದವರು ಮೊದಲು ತಟ್ಟಿ ನೋಡುವುದು ಎಡ ಪಕ್ಕೆಯನ್ನು.