ಬಾಕ್ಸ್ ಸ್ಕೋರ್ ಓದುವ ಬಗೆ: 1956ರ ವರ್ಲ್ಡ್ ಸೀರೀಸ್, 5ನೇ ಪಂದ್ಯ

ಬೇಸ್‌ಬಾಲ್ ಅಂಕಿಅಂಶ ಓದಲು ಕಲಿಯುವವರು ಮೊದಲು ಕೈಗೆತ್ತಿಕೊಳ್ಳಬೇಕಾದ ಪಂದ್ಯ ಇದು. ಬಾಕ್ಸ್ ಸ್ಕೋರ್ ಎಂದರೆ ಒಂದು ಪಂದ್ಯದ ಅಂಕಿಅಂಶಗಳ ಪಟ್ಟಿ, ವರ್ಲ್ಡ್ ಸೀರೀಸ್ ಎಂದರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಅಂತಿಮ ಸರಣಿ. 1956ರ ಅಕ್ಟೋಬರ್ 8, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ. ಸರಣಿ 2–2ರಲ್ಲಿ ಸಮ. ಫಲಿತಾಂಶದ ಎರಡು ಸಾಲು (ಲೈನ್ ಸ್ಕೋರ್) ಹೀಗಿವೆ:

ಬ್ರೂಕ್ಲಿನ್ ಡಾಡ್ಜರ್ಸ್: 000 000 000 – 0 0 0
ನ್ಯೂಯಾರ್ಕ್ ಯಾಂಕೀಸ್: 000 101 00× – 2 5 0

ಎಡಗಡೆ ಇರುವುದು ಇನಿಂಗ್ಸ್‌ವಾರು ರನ್ (ಪ್ರತಿ ತಂಡಕ್ಕೆ 9 ಸರದಿ, ಮೂವರು ಔಟ್ ಆದರೆ ಒಂದು ಸರದಿ ಮುಗಿಯಿತು). ಕೊನೆಯ ಮೂರು ಅಂಕಿ ಕ್ರಮವಾಗಿ ಒಟ್ಟು ರನ್, ಹಿಟ್ (ಚೆಂಡು ಬಾರಿಸಿ ಔಟಾಗದೆ ಬೇಸ್ ತಲುಪಿದ್ದು), ಎರರ್. ತವರು ತಂಡ ಯಾವಾಗಲೂ ಎರಡನೆಯದಾಗಿ ಬ್ಯಾಟ್ ಮಾಡುತ್ತದೆ. ಮುನ್ನಡೆ ಆಗಲೇ ಇದ್ದರೆ 9ನೇ ಸರದಿ ಬೇಕಾಗುವುದಿಲ್ಲ. ಆ ×ನ ಅರ್ಥ ಅಷ್ಟೇ. 4ನೇ ಇನಿಂಗ್ಸ್‌ನ 1 ಮಿಕ್ಕಿ ಮ್ಯಾಂಟಲ್‌ನ ಹೋಮ್ ರನ್, 6ನೆಯದರದ್ದು ಹ್ಯಾಂಕ್ ಬಾಯರ್‌ನ ಸಿಂಗಲ್‌ನಿಂದ ಬಂದದ್ದು.

ಇದು ಯಾಂಕೀಸ್‌ನ ಪಿಚರ್ (ಚೆಂಡು ಎಸೆಯುವವನು) ಡಾನ್ ಲಾರ್ಸನ್ ಎಸೆದ ಪರ್ಫೆಕ್ಟ್ ಗೇಮ್. ಅಂದರೆ ಎದುರಾಳಿಯ 27 ಬ್ಯಾಟರ್‌ಗಳು ಬಂದರು, 27 ಮಂದಿಯೂ ಔಟ್, ಒಬ್ಬನೂ ಬೇಸ್ ಮುಟ್ಟಲಿಲ್ಲ. ಇದನ್ನು ಮೇಲಿನ ಸಾಲುಗಳಿಂದ ಸಾಬೀತು ಮಾಡಬಹುದೇ? ಡಾಡ್ಜರ್ಸ್‌ನ 0 0 0 ನೋಡಿ ಹೌದು ಎನ್ನುವವರೇ ಹೆಚ್ಚು. ಆದರೆ ಮೂರನೇ ಸೊನ್ನೆಗೂ ಇದಕ್ಕೂ ಸಂಬಂಧವೇ ಇಲ್ಲ. ಎರರ್ ಎಂದರೆ ಆ ತಂಡ ಫೀಲ್ಡಿಂಗ್‌ನಲ್ಲಿ ಮಾಡಿದ ತಪ್ಪು. ಹಾಗಾಗಿ ಡಾಡ್ಜರ್ಸ್ ಸಾಲಿನಿಂದ ರನ್ ಮತ್ತು ಹಿಟ್, ಯಾಂಕೀಸ್ ಸಾಲಿನಿಂದ ಎರರ್ ತೆಗೆದುಕೊಳ್ಳಬೇಕು.

ಅಷ್ಟಾದರೂ ಸಾಲದು, ವಾಕ್ (ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದ್ದಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಎಷ್ಟು ಎಂದು ಇಲ್ಲಿ ಎಲ್ಲೂ ಇಲ್ಲ. 2022ರ ವರ್ಲ್ಡ್ ಸೀರೀಸ್‌ನ 4ನೇ ಪಂದ್ಯ ತೆಗೆದು ನೋಡಿ: ಹ್ಯೂಸ್ಟನ್ ಆಸ್ಟ್ರೋಸ್ 5–0ರಿಂದ ಗೆದ್ದರು, ಫಿಲಡೆಲ್ಫಿಯಾ ಫಿಲೀಸ್‌ಗೆ ಹಿಟ್ ಸೊನ್ನೆ. ಆದರೆ ಆಸ್ಟ್ರೋಸ್‌ನ ನಾಲ್ವರು ಪಿಚರ್‌ಗಳು ಸೇರಿ 3 ವಾಕ್ ಕೊಟ್ಟಿದ್ದರು. ಅದು ನೋ-ಹಿಟರ್, ಪರ್ಫೆಕ್ಟ್ ಅಲ್ಲ. ವ್ಯತ್ಯಾಸ ಕಾಣುವುದು ಬಾಕ್ಸ್ ಸ್ಕೋರ್‌ನ ಕೆಳಭಾಗದಲ್ಲಿರುವ ಪಿಚರ್‌ಗಳ ಪಟ್ಟಿಯಲ್ಲಿ. ಲಾರ್ಸನ್‌ನ ಹೆಸರಿನ ಮುಂದೆ: 9 ಇನಿಂಗ್ಸ್, 0 ಹಿಟ್, 0 ರನ್, 0 ವಾಕ್, 7 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್). ಎಸೆತಗಳು ಬರೀ 97.

ಬಾಕ್ಸ್ ಸ್ಕೋರ್ ನುಂಗಿಹಾಕುವ ಸಂಗತಿಗಳೂ ಇವೆ. 2ನೇ ಇನಿಂಗ್ಸ್‌ನಲ್ಲಿ ಜಾಕಿ ರಾಬಿನ್ಸನ್ ಬಾರಿಸಿದ ಚೆಂಡು ಥರ್ಡ್ ಬೇಸ್‌ನ ಆಂಡಿ ಕ್ಯಾರಿಯ ಗ್ಲೋವ್‌ಗೆ ತಾಗಿ ಶಾರ್ಟ್‌ಸ್ಟಾಪ್ ಗಿಲ್ ಮೆಕ್‌ಡೂಗಲ್ಡ್ ಕಡೆ ಸಿಡಿಯಿತು. ಅವನು ಎಸೆದು ಔಟ್ ಮಾಡಿದ. ಚೂರು ಆಚೀಚೆ ಆಗಿದ್ದರೆ ಹಿಟ್. ಪಟ್ಟಿಯಲ್ಲಿ ಇದೂ ಒಂದು ಔಟ್, ಅಷ್ಟೇ. ಕೊನೆಯ ಔಟ್ ಡೇಲ್ ಮಿಚೆಲ್, ಬ್ಯಾಟ್ ಪೂರ್ತಿ ಬೀಸದೆ ಮೂರನೇ ಸ್ಟ್ರೈಕ್. ಕೈಬರಹದ ಸ್ಕೋರ್ ಪುಸ್ತಕದಲ್ಲಿ ಇಂಥ ಔಟ್‌ಗೆ ಇಂಗ್ಲಿಷಿನ ‘ಕೆ’ ಅಕ್ಷರವನ್ನು ಹಿಂದುಮುಂದಾಗಿ ಬರೆಯುವ ರೂಢಿ ಇದೆ.

ಸೋತವನ ಸಾಲನ್ನು ಯಾರೂ ಓದುವುದಿಲ್ಲ, ಓದಬೇಕು. ಡಾಡ್ಜರ್ಸ್ ಪಿಚರ್ ಸಾಲ್ ಮ್ಯಾಗ್ಲಿ: 8 ಇನಿಂಗ್ಸ್, 5 ಹಿಟ್, 2 ರನ್. ಇ.ಆರ್.ಎ. (ತನ್ನ ತಂಡದ ಎರರ್‌ನಿಂದ ಬಂದವನ್ನು ಬಿಟ್ಟು, ಪಿಚರ್ 9 ಇನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್) ಲೆಕ್ಕ ಹಾಕಿ: 2×9÷8 = 2.25. ಬೇರೆ ಯಾವ ದಿನವಾದರೂ ಗೆಲ್ಲಿಸಬಲ್ಲ ಪಿಚಿಂಗ್ ಇದು.

ಕೊನೆಗೆ ಒಂದು ಕಿತಾಪತಿ. ಆ ಸರಣಿಯಲ್ಲಿ ಲಾರ್ಸನ್‌ನ ಒಟ್ಟು ಇನಿಂಗ್ಸ್ 10.2 ಎಂದಿದೆ. ಇದು ದಶಮಾಂಶವಲ್ಲ, ಕ್ರಿಕೆಟ್‌ನಲ್ಲಿ 10.2 ಓವರ್ ಎಂದರೆ 10 ಓವರ್ ಮತ್ತು 2 ಎಸೆತ ಇದ್ದಹಾಗೆ, ಇಲ್ಲಿ 10 ಇನಿಂಗ್ಸ್ ಮತ್ತು 2 ಔಟ್. ಹೆಚ್ಚುವರಿ 1.2 ಬಂದದ್ದು 2ನೇ ಪಂದ್ಯದಿಂದ. ಅಲ್ಲಿ ಅವನು 4 ವಾಕ್ ಕೊಟ್ಟು ಬೇಗನೆ ಹೊರನಡೆದಿದ್ದ, ಅವನ ಲೆಕ್ಕಕ್ಕೆ 4 ರನ್ ಬಿದ್ದಿದ್ದವು, ಡಾಡ್ಜರ್ಸ್ 13–8ರಿಂದ ಗೆದ್ದಿದ್ದರು. ಆದರೂ ಸರಣಿಯಲ್ಲಿ ಅವನ ಇ.ಆರ್.ಎ. 0.00. ಆ ನಾಲ್ಕೂ ಯಾಂಕೀಸ್‌ನ ಫೀಲ್ಡಿಂಗ್ ಎರರ್‌ನಿಂದಾಗಿ ‘ಅನ್‌ಅರ್ನ್ಡ್’ ಎಂದು ದಾಖಲಾದ ರನ್‌ಗಳು, ಇ.ಆರ್.ಎ. ಅವನ್ನು ಎಣಿಸುವುದೇ ಇಲ್ಲ.