ಭಾರತಕ್ಕೆ 77: ಒಂದು ಅಂಕ ಎಂಬಿಎ ತರಗತಿಗೆ ಬಂದ ದಾರಿ

ಅಂತರ್‌ಸಾಂಸ್ಕೃತಿಕ ನಿರ್ವಹಣೆಯ ಪಾಠದಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ. ಅಧಿಕಾರದ ಅಂತರದಲ್ಲಿ, ಅಂದರೆ ಅಧಿಕಾರ ಸಮನಾಗಿ ಹಂಚಿಕೆಯಾಗದಿರುವುದನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆಂಬ ಅಳತೆಯಲ್ಲಿ, ಭಾರತಕ್ಕೆ 77, ಅಮೆರಿಕಕ್ಕೆ 40, ಜರ್ಮನಿಗೆ 35. ಅದನ್ನು ಬರೆದುಕೊಂಡ ವಿದ್ಯಾರ್ಥಿ ಮುಂದೆ ಕೆಲಸಕ್ಕೆ ಸೇರಿ, ಎದುರಿಗೆ ಕೂತ ಜರ್ಮನ್ ಸಹೋದ್ಯೋಗಿಯ ಹಣೆಗೆ ಆ ಅಂಕ ಅಂಟಿಸುತ್ತಾನೆ. ಅಂಕ ಹುಟ್ಟಿದ್ದು ಆ ಕೆಲಸಕ್ಕಲ್ಲ.

ಈ ಪಾಠ ಶುರುವಾದದ್ದೂ ಅಂಕಗಳಿಂದಲ್ಲ. 1950ರ ದಶಕದ ಆರಂಭದಲ್ಲಿ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ ವಾಷಿಂಗ್ಟನ್‌ನ ಫಾರಿನ್ ಸರ್ವೀಸ್ ಇನ್‌ಸ್ಟಿಟ್ಯೂಟ್‌ನಲ್ಲಿ ವಿದೇಶಕ್ಕೆ ಹೊರಟ ಅಧಿಕಾರಿಗಳಿಗೆ ಕಲಿಸುತ್ತಿದ್ದರು. ಆ ಅಧಿಕಾರಿಗಳಿಗೆ ಸಿದ್ಧಾಂತ ಬೇಕಿರಲಿಲ್ಲ. ಹಾಗಾಗಿ ಎಷ್ಟು ದೂರ ನಿಂತು ಮಾತಾಡುತ್ತಾರೆ, ಎಷ್ಟು ಹೊತ್ತು ಕಾಯಿಸಬಹುದು, ದನಿ ಹೇಗಿರಬೇಕು ಎಂಬಂಥ ಸಣ್ಣ ಸಂಗತಿಗಳೇ ಪಾಠವಾದವು.

ಅಂಕ ತಂದವರು ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೀಡ್. 1967ರಿಂದ 1973ರವರೆಗೆ ಐಬಿಎಂ ತನ್ನ ನೌಕರರಿಂದ ತುಂಬಿಸಿಕೊಂಡ 1.16 ಲಕ್ಷದಷ್ಟು ಪ್ರಶ್ನಾವಳಿಗಳನ್ನು ಆಧರಿಸಿ 1980ರಲ್ಲಿ ಅವರ ಪುಸ್ತಕ ಬಂತು. ಅಧಿಕಾರದ ಅಂತರದ ಅಂಕ ನಿಂತಿರುವುದು ಮೂರೇ ಪ್ರಶ್ನೆಗಳ ಮೇಲೆ: ಮೇಲಧಿಕಾರಿಗೆ ಎದುರು ಹೇಳಲು ನೌಕರರು ಎಷ್ಟು ಸಲ ಹೆದರುತ್ತಾರೆ, ಈಗಿನ ಮೇಲಧಿಕಾರಿ ಎಂಥವರು, ಎಂಥವರು ಇಷ್ಟ. ದೇಶಗಳ ಸರಾಸರಿ ತೆಗೆದರೆ ಮೂರರ ಉತ್ತರಗಳೂ ಜೊತೆಜೊತೆಗೆ ಏರಿಳಿಯುತ್ತವೆ. ಒಂದೇ ದೇಶದ ವ್ಯಕ್ತಿಗಳ ನಡುವೆ ನೋಡಿದರೆ ಆ ನಂಟು ಉಳಿಯುವುದಿಲ್ಲ. ಇದನ್ನು ಹಾಫ್‌ಸ್ಟೀಡ್ ಅವರೇ ಹೇಳಿದ್ದರು. ಪಠ್ಯಗಳು ಪಟ್ಟಿಯನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಬಿಟ್ಟವು. 2002ರಲ್ಲಿ ವಿಮರ್ಶಕ ಬ್ರೆಂಡನ್ ಮೆಕ್‌ಸ್ವೀನಿ ಉತ್ತರಿಸಿದವರ ಸಂಖ್ಯೆಯನ್ನೇ ಕೆದಕಿದರು: ಪಾಕಿಸ್ತಾನದಲ್ಲಿ ಐಬಿಎಂನ ಮೊದಲ ಸಮೀಕ್ಷೆಗೆ ಸಿಕ್ಕವರು 37 ಜನ, ಎರಡನೆಯದಕ್ಕೆ 70.

ಹಾಗೆಂದು ದೇಶಗಳ ನಡುವಿನ ವ್ಯತ್ಯಾಸ ಸುಳ್ಳೆಂದೂ ಅಲ್ಲ. ಕೈಕೆಳಗಿನವರು ಕೇಳಿದ ಬಹುತೇಕ ಪ್ರಶ್ನೆಗಳಿಗೆ ಮ್ಯಾನೇಜರ್ ಬಳಿ ಖಚಿತ ಉತ್ತರ ಇರಬೇಕೇ ಎಂದು ಫ್ರಾನ್ಸ್‌ನ ಬಿಸಿನೆಸ್ ಸ್ಕೂಲ್ ಇನ್ಸಿಯಾಡ್‌ನ ಆಂದ್ರೆ ಲೊರಾಂ ಹಲವು ದೇಶಗಳ ಮ್ಯಾನೇಜರ್‌ಗಳನ್ನು ಕೇಳಿದಾಗ, ಹೌದೆಂದವರು ಸ್ವೀಡನ್‌ನಲ್ಲಿ ಶೇ. 10, ಫ್ರಾನ್ಸ್‌ನಲ್ಲಿ ಶೇ. 53, ಜಪಾನ್‌ನಲ್ಲಿ ಶೇ. 78. ಆದರೆ ಫ್ರಾನ್ಸ್‌ನ ಆ ಅಂಕಿಯನ್ನೇ ನೋಡಿ: ಹೆಚ್ಚುಕಡಿಮೆ ಅರ್ಧದಷ್ಟು ಫ್ರೆಂಚ್ ಮ್ಯಾನೇಜರ್‌ಗಳು ಹೌದೆನ್ನಲಿಲ್ಲ. ಎದುರಿಗಿರುವವರು ಯಾವ ಅರ್ಧಕ್ಕೆ ಸೇರಿದವರೆಂದು ಪಾಸ್‌ಪೋರ್ಟ್ ಹೇಳುವುದಿಲ್ಲ.

ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿಗಳಾದ ಫೀಡ್ಲರ್, ಟ್ರಯಾಂಡಿಸ್ ಮೊದಲಾದವರು ಬೆಳೆಸಿದ 'ಕಲ್ಚರ್ ಅಸಿಮಿಲೇಟರ್'. ಒಂದು ಘಟನೆ, ನಾಲ್ಕು ವಿವರಣೆ. ಒಂದನ್ನು ಆರಿಸಬೇಕು, ತಪ್ಪಾದರೆ ಕಾರಣ ಓದಿ ಮತ್ತೆ ಆರಿಸಬೇಕು. ಉದಾಹರಣೆಗೆ, ಮ್ಯೂನಿಕ್‌ನ ಗ್ರಾಹಕರು ಕಾಲ್‌ನಲ್ಲಿ ಆಗದ ಗಡುವು ಕೇಳುತ್ತಾರೆ, ಬೆಂಗಳೂರಿನ ಕಿರಿಯ ಎಂಜಿನಿಯರ್ ಸುಮ್ಮನಿರುತ್ತಾಳೆ. ಕಾರಣ ಹೆದರಿಕೆಯೇ? ಟೀಮ್ ಲೀಡ್ ಇರುವಾಗ ತಾನು ಮಾತಾಡಬಾರದೆಂದೇ? ಮಾತು ಸರಿಯಾಗಿ ಕೇಳಿಸಲಿಲ್ಲವೇ? ಅಥವಾ ಗಡುವಿನ ಬಗ್ಗೆ ಮಾತಾಡುವ ಅಧಿಕಾರ ಒಪ್ಪಂದದಲ್ಲಿ ಅವಳಿಗಿಲ್ಲವೇ? ಕೊನೆಯ ಎರಡಕ್ಕೂ ಸಂಸ್ಕೃತಿಗೂ ಸಂಬಂಧವಿಲ್ಲ. ಅಂಥ ಆಯ್ಕೆ ಒಂದಾದರೂ ಇರಲೇಬೇಕು. ಇಲ್ಲದಿದ್ದರೆ ಎಲ್ಲಕ್ಕೂ ಸಂಸ್ಕೃತಿಯನ್ನೇ ದೂರುವ ಚಟವನ್ನು ನಾವೇ ಕಲಿಸಿದಂತೆ.

ಸಂಶೋಧನೆಗೆ ಇಳಿಯುವವರು ಮುಗ್ಗರಿಸುವುದು ಪ್ರಶ್ನಾವಳಿಯಲ್ಲಿ. ಮನೋವಿಜ್ಞಾನಿ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಕ್ರಮ ಈಗಲೂ ನಡೆಯುತ್ತದೆ: ಇಂಗ್ಲಿಷ್ ಪ್ರಶ್ನಾವಳಿಯನ್ನು ಒಬ್ಬರು ಕನ್ನಡಕ್ಕೆ ಅನುವಾದಿಸಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸಬೇಕು, ಎರಡು ಇಂಗ್ಲಿಷ್ ರೂಪಗಳನ್ನು ಹೋಲಿಸಿ ಅರ್ಥ ಜಾರಿದ ಸಾಲುಗಳನ್ನು ತಿದ್ದಬೇಕು. ಆಮೇಲೆ ಉತ್ತರಿಸುವವರಂಥ ಕೆಲವರಿಗೆ ಕೊಟ್ಟು, ಪ್ರತಿ ಪ್ರಶ್ನೆಯೂ ಅವರಿಗೆ ಹೇಗೆ ಅರ್ಥವಾಯಿತೆಂದು ಬಾಯಿಬಿಟ್ಟು ಹೇಳಿಸಬೇಕು. ಇಷ್ಟಾದರೂ, ಐದು ಹಂತದ ಉತ್ತರದಲ್ಲಿ ಕೆಲವೆಡೆ ಜನ ತುದಿಗಳನ್ನೇ ಒತ್ತುತ್ತಾರೆ, ಕೆಲವೆಡೆ ನಡುವಿನದನ್ನು. ಅಳತೆ ಎರಡೂ ಗುಂಪಿನಲ್ಲಿ ಒಂದೇ ರೀತಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸದೆ ಸರಾಸರಿಗಳನ್ನು ಅಕ್ಕಪಕ್ಕ ಇಡುವಂತಿಲ್ಲ.